ವೃತ್ತ ಅಳಿಸುವ ಕ್ರಮ

ಮೌಲ್ಯಮಾಪನ ಕೇಂದ್ರದ ಹಾಲಿನಲ್ಲಿ ಉತ್ತರಪತ್ರಿಕೆಗಳು ಹಾರಬಾರದೆಂದು ಫ್ಯಾನುಗಳನ್ನು ಬೇಕೆಂದೇ ನಿಧಾನಕ್ಕೆ ಇಟ್ಟಿದ್ದರು. ಪತ್ರಿಕೆಗಳು ಹಾರುತ್ತಿರಲಿಲ್ಲ, ಪರೀಕ್ಷಕರ ಪ್ರಾಣ ಹಾರುತ್ತಿತ್ತು. ಉದ್ದನೆಯ ಮೇಜುಗಳ ಎರಡೂ ಬದಿಗೆ ಕೂತು ಬೆವರೊರೆಸಿಕೊಳ್ಳುತ್ತ ಕೆಂಪು ಪೆನ್ನು ಆಡಿಸುತ್ತಿದ್ದ ಅವರೆಲ್ಲರ ಮೇಲ್ವಿಚಾರಣೆಗೆ ಇದ್ದವಳು ಮುಖ್ಯ ಪರೀಕ್ಷಕಿ. ಎಲ್ಲರೂ ಅವಳನ್ನು ಮೇಡಂ ಎನ್ನುತ್ತಿದ್ದರು. ಪ್ರಶ್ನೆಪತ್ರಿಕೆ ತಯಾರಿಸಿದವಳೂ ಅವಳೇ. ಒಬ್ಬೊಬ್ಬರು ತಿದ್ದಿ ಮುಗಿಸಿದ ಕಟ್ಟಿನಿಂದ ನಾಲ್ಕಾರು ಪತ್ರಿಕೆ ಎಳೆದು, ಅಂಕ ಸರಿಯಾಗಿ ಹಾಕಿದ್ದಾರೋ ಇಲ್ಲವೋ ನೋಡುವುದು ಅವಳ ಕೆಲಸ.

ಆ ಮಧ್ಯಾಹ್ನ ಅವಳು ಎಳೆದದ್ದು 'ರಾಕೆಟ್' ತಿದ್ದಿದ ಕಟ್ಟು. ರಾಕೆಟ್ ಎಂಬುದು ಆ ತರುಣ ಉಪನ್ಯಾಸಕನಿಗೆ ಸಹೋದ್ಯೋಗಿಗಳು ಪ್ರೀತಿಯಿಂದ ಇಟ್ಟ ಹೆಸರು. ಅವನು ಕಟ್ಟು ಬಿಚ್ಚಿದ ಎಂದರೆ, ಚಹಾ ಬರುವಷ್ಟರಲ್ಲಿ ತಿದ್ದಿ ಮತ್ತೆ ಕಟ್ಟಿ ಆಗಿರುತ್ತಿತ್ತು.

"ಈ ಐದನೇ ಪ್ರಶ್ನೆಗೆ ಯಾಕ್ರೀ ಸೊನ್ನೆ?" ಎಂದು ಅವಳು ಕೇಳಿದಳು.

"ಮಾದರಿ ಉತ್ತರಕ್ಕೂ ಅದಕ್ಕೂ ಸಂಬಂಧಾನೇ ಇಲ್ಲ ಮೇಡಂ. ನೀವೇ ನೋಡಿ, ನಿಮ್ಮದು ಅರ್ಧ ಸಾಲು. ಇದು ಗೂಡ್ಸ್ ರೈಲು, ಡಬ್ಬಿ ಮುಗಿಯೋದೇ ಇಲ್ಲ."

"ಸಮಾನವಾದ ಯಾವ ಸೂತ್ರ ಬರೆದ್ರೂ ಪೂರ್ತಿ ಅಂಕ ಅಂತ ಕೆಳಗೆ ಬರೆದಿದೀನಲ್ಲ?"

"ಬರೆದಿದೀರಿ. ಸಮಾನ ಹೌದೋ ಅಲ್ವೋ ಅಂತ ಒಂದೊಂದಕ್ಕೂ ನೋಡ್ತಾ ಕೂತ್ರೆ, ಮನೆಗೆ ಹೋಗೋ ಹೊತ್ತಿಗೆ ನನ್ನ ಮಗು ಕಾಲೇಜಿಗೆ ಸೇರಿರುತ್ತೆ ಮೇಡಂ."

ಪಕ್ಕದವರು ನಕ್ಕರು. ಅವಳು ನಗದೆ ಆ ಪತ್ರಿಕೆಯನ್ನು ತನ್ನ ಮೇಜಿಗೆ ತೆಗೆದುಕೊಂಡು ಹೋದಳು.

ಆ ಐದನೇ ಪ್ರಶ್ನೆ ಏನೆಂದು ಹೇಳಿಬಿಡಬೇಕು. ಕಾಗದದ ಮೇಲೆ ನಾಲ್ಕು ವೃತ್ತಗಳು, ವೃತ್ತದಿಂದ ವೃತ್ತಕ್ಕೆ ಬಾಣಗಳು, ಪ್ರತಿ ಬಾಣದ ಮೇಲೆ ಒಂದು ಅಕ್ಷರ. ಮೊದಲ ವೃತ್ತದಿಂದ ಹೊರಟು ಬಾಣ ಹಿಡಿದು ನಡೆಯುತ್ತ ಜೋಡಿ ಗೆರೆಯ ವೃತ್ತದಲ್ಲಿ ಬಂದು ನಿಂತರೆ, ದಾರಿಯಲ್ಲಿ ಸಿಕ್ಕ ಅಕ್ಷರಗಳ ಸಾಲಿಗೆ ಒಪ್ಪಿಗೆ. ಬೇರೆಲ್ಲಿ ನಿಂತರೂ ಇಲ್ಲ. ಇದಕ್ಕೆ ಪುಸ್ತಕದಲ್ಲಿ ಫೈನೈಟ್ ಆಟೊಮ್ಯಾಟನ್ ಎಂಬ ದೊಡ್ಡ ಹೆಸರು, ವಿದ್ಯಾರ್ಥಿಗಳ ಬಾಯಲ್ಲಿ ಬರೀ 'ಯಂತ್ರ'. ಆ ಯಂತ್ರ ಒಪ್ಪುವ ಸಾಲುಗಳನ್ನೆಲ್ಲ ಚಿತ್ರದ ಹಂಗಿಲ್ಲದೆ ಅಕ್ಷರ, ಆವರಣ, ನಕ್ಷತ್ರ ಚಿಹ್ನೆಗಳಲ್ಲಿ ಹೇಳಿದರೆ ಅದು ರೆಗ್ಯುಲರ್ ಎಕ್ಸ್‌ಪ್ರೆಶನ್, ಅಂದರೆ 'ಸೂತ್ರ'. ಯಂತ್ರ ಕೊಟ್ಟಿದೆ, ಸೂತ್ರ ಬರೆಯಿರಿ, ಅಷ್ಟೇ ಪ್ರಶ್ನೆ.

ಬರೆಯುವ ಹಾದಿ ಒಂದಿದೆ: ವೃತ್ತಗಳನ್ನು ಒಂದೊಂದಾಗಿ ಅಳಿಸುತ್ತ ಹೋಗಬೇಕು. ಪೇಟೆಯಲ್ಲಿ ಒಂದು ಸರ್ಕಲ್ ಮುಚ್ಚಿದರೆ ಅದನ್ನು ಹಾದುಹೋಗುತ್ತಿದ್ದವರಿಗೆಲ್ಲ ಬದಲಿ ರಸ್ತೆ ಹಾಕಿಕೊಡುವಂತೆ, ಅಳಿಸಿದ ವೃತ್ತದ ಮೂಲಕ ಹೋಗುತ್ತಿದ್ದ ಪ್ರತಿ ದಾರಿಗೂ ಹೊಸ ಬಾಣ ಎಳೆದು, ಹಳೆಯ ದಾರಿಯಲ್ಲಿ ಏನೇನು ಸಿಗುತ್ತಿತ್ತೋ ಅಷ್ಟನ್ನೂ ಅದರ ಮೇಲೆ ಬರೆಯಬೇಕು. ಕೊನೆಗೆ ಒಂದೇ ಬಾಣ ಉಳಿಯುತ್ತದೆ. ಅದರ ಮೇಲಿರುವುದೇ ಸೂತ್ರ. ಯಾವ ವೃತ್ತ ಮೊದಲು, ಯಾವುದು ಆಮೇಲೆ ಎಂಬುದು ಬರೆಯುವವರ ಇಷ್ಟ. ಕ್ರಮ ಬದಲಾದರೆ ಸೂತ್ರದ ರೂಪವೂ ಬದಲಾಗುತ್ತದೆ. ಬಾಣ ಕಡಿಮೆ ಇರುವ ವೃತ್ತವನ್ನು ಮೊದಲು ತೆಗೆದರೆ ಸೂತ್ರ ಚಿಕ್ಕದಾಗುತ್ತದೆ ಎಂದು ಎಲ್ಲ ಮೇಷ್ಟ್ರುಗಳೂ ಹೇಳಿಕೊಡುತ್ತಾರೆ.

ಈ ಪತ್ರಿಕೆಯಲ್ಲಿ ಮೊದಲು ಅಳಿಸಿದ್ದು ಬಾಣಗಳ ಜಾತ್ರೆಯೇ ನೆರೆದಿದ್ದ ವೃತ್ತವನ್ನು. ಸಾಲದ್ದಕ್ಕೆ, ಅಳಿಸುವ ಮೊದಲು ಅದರ ನೆತ್ತಿಯ ಮೇಲೆ ಒಂದು ಪುಟ್ಟ ಕೊಡೆಯ ಗುರುತು ಹಾಕಿತ್ತು. ಎರಡನೆಯದಕ್ಕೂ ಕೊಡೆ. ಮೂರನೆಯದಕ್ಕೂ.

ಅವಳು ಪತ್ರಿಕೆಯನ್ನು ಕಣ್ಣಿನ ಹತ್ತಿರಕ್ಕೆ ಹಿಡಿದಳು.

ಹಾಗೆ ಕೊಡೆ ಬರೆಯುವ ಒಬ್ಬನನ್ನು ಅವಳು ಚೆನ್ನಾಗಿ ಬಲ್ಲಳು. ಅವನನ್ನೇ ಮದುವೆಯಾಗಿದ್ದಳು. ಓದುವ ಕಾಲದಲ್ಲಿ ಒಂದೇ ಬೆಂಚಿನ ಎರಡು ತುದಿಗೆ ಕೂರುತ್ತಿದ್ದ ಅವರ ಮೊದಲ ಜಗಳವೇ ಇದರ ಮೇಲೆ ಆಗಿತ್ತು. "ಗುಂಪು ಕಟ್ಟಿಕೊಂಡಿರೋನನ್ನ ಮೊದಲು ಆಚೆ ಹಾಕಬೇಕು, ಉಳಿದವರು ತಾವಾಗೇ ಹೋಗ್ತಾರೆ" ಎಂದು ಅವನು ವಾದಿಸಿದ್ದ. "ಈ ಕೊಡೆ ಯಾಕೆ?" ಎಂದು ಕೇಳಿದ್ದಕ್ಕೆ, "ಪಾಪ, ಹೊರಗೆ ಹೋಗೋನು, ಮಳೆ ಬಂದ್ರೆ?" ಎಂದಿದ್ದ. ಆ ಮಾತಿಗೇ ಅವಳು ಬಿದ್ದದ್ದು. ಈಗ ಅವನು ಪಾಲಿಟೆಕ್ನಿಕ್ಕಿನಲ್ಲಿ ಬೇರೆ ವಿಷಯ ಕಲಿಸುತ್ತಿದ್ದ.

ಪತ್ರಿಕೆಯ ಅಕ್ಷರ ಅವನದಲ್ಲ, ಬೇರೆ ಯಾರದೋ. ಬರೆದವರ ಹೆಸರು, ಊರು ಇದ್ದ ತುಂಡನ್ನು ಮೊದಲೇ ಕತ್ತರಿಸಿ ತೆಗೆದಿರುತ್ತಾರೆ. ಉಳಿದಿದ್ದದ್ದು ಸಂಕೇತ ಸಂಖ್ಯೆ ಮಾತ್ರ.

ಮೊದಲು ಉತ್ತರ ಸರಿಯೋ ತಪ್ಪೋ ನೋಡೋಣವೆಂದು ಅವಳು ಬಿಳಿ ಹಾಳೆ ಎಳೆದುಕೊಂಡಳು. ಎರಡು ಸೂತ್ರ ಒಂದೇ ಹೌದೋ ಅಲ್ಲವೋ ಎಂದು ಮುಖ ನೋಡಿ ಹೇಳಲಾಗದು. ಒಬ್ಬಳೇ ತಾಯಿಯ ಮಕ್ಕಳು ಒಬ್ಬರಂತೆ ಒಬ್ಬರು ಇರುವುದಿಲ್ಲವಲ್ಲ, ಹಾಗೆ. ಸೂತ್ರವನ್ನು ಹಿಂದಕ್ಕೆ ನಡೆಸಿ ಮತ್ತೆ ಯಂತ್ರ ಮಾಡಬೇಕು, ಒಂದೇ ಥರ ನಡೆದುಕೊಳ್ಳುವ ವೃತ್ತಗಳನ್ನು ಸೇರಿಸಿ ಕುಗ್ಗಿಸಬೇಕು, ಇನ್ನು ಕುಗ್ಗದು ಎನ್ನುವಲ್ಲಿ ಹೋಲಿಸಬೇಕು. ಅವಳು ಮಾಡಿದಳು. ಹಾಳೆ ತುಂಬ ವೃತ್ತಗಳು ಹುಟ್ಟಿದವು, ಒಂದರೊಳಗೊಂದು ಸೇರಿದವು. ಕೊನೆಗೆ ಉಳಿದದ್ದು ನಾಲ್ಕು. ಅವಳೇ ಪ್ರಶ್ನೆಯಲ್ಲಿ ಕೊಟ್ಟಿದ್ದ ನಾಲ್ಕು, ಬಾಣ ಸಮೇತ.

ಉತ್ತರ ಸರಿ. ಸರಿಯಾಗಿದ್ದದ್ದೇ ಅವಳಿಗೆ ಇನ್ನಷ್ಟು ಭಯ ಹುಟ್ಟಿಸಿತು. ಪ್ರಶ್ನೆಪತ್ರಿಕೆ ತಯಾರಾದದ್ದು ಮನೆಯ ಊಟದ ಮೇಜಿನ ಮೇಲೆ. ಬೀರುವಿಗೆ ಬೀಗ ಹಾಕಿದ್ದಳು, ನಿಜ. ಆದರೆ ಬೀಗದ ಕೈ ಅಡುಗೆಮನೆಯ ಮೊಳೆಗೆ ನೇತಾಡುತ್ತಿತ್ತು. ಅವನು ನೋಡಿದನೆ? ನೋಡಿ ಯಾರಿಗಾದರೂ ಹೇಳಿಕೊಟ್ಟನೆ?

"ಏನ್ ಮೇಡಂ, ರೈಲು ನಿಲ್ದಾಣಕ್ಕೆ ಬಂತಾ?" ಎಂದ ರಾಕೆಟ್.

"ಇದು ನನ್ನ ಹತ್ರಾನೇ ಇರಲಿ" ಎಂದು ಅವಳು ಪತ್ರಿಕೆಯನ್ನು ಬಾಕಿಯ ಟ್ರೇಗೆ ಹಾಕಿದಳು.

ಅಂದು ಸಂಜೆ ಮನೆಗೆ ಬಂದಾಗಿನಿಂದ ಅವಳ ಕಣ್ಣು ಗಂಡನ ಬೆನ್ನಿಗೇ ಅಂಟಿಕೊಂಡಿತ್ತು. ಅವನು ಟ್ಯಾಪಿನ ವಾಷರ್ ಬದಲಿಸುತ್ತ ಶಿಳ್ಳೆ ಹಾಕುತ್ತಿದ್ದ. ಯಾಕೆ ಶಿಳ್ಳೆ? ಮುಖ ತೊಳೆದು ಕನ್ನಡಿ ನೋಡಿಕೊಂಡ. ಈ ವಯಸ್ಸಿಗೆ ಯಾಕೆ ಕನ್ನಡಿ? ಸಂಶಯ ಎನ್ನುವುದು ಹಾಗೆಯೇ, ಒಮ್ಮೆ ಮನೆಗೆ ಬಂದರೆ ಚಾಪೆ ಹಾಸಿಕೊಂಡು ಮಲಗುತ್ತದೆ, ಎಬ್ಬಿಸಿದರೂ ಏಳುವುದಿಲ್ಲ.

ಮರುದಿನ ಬೆಳಿಗ್ಗೆ ಅವಳು ಒಂದು ಬಲೆ ಹೆಣೆದಳು. ಹಾಳೆಯೊಂದರ ಮೇಲೆ ಹೊಸ ಯಂತ್ರ ಬರೆದು ಅವನ ಚಹಾದ ಲೋಟದ ಪಕ್ಕ ಇಟ್ಟಳು.

"ಇದನ್ನೊಂದು ಮಾಡಿಕೊಡು. ನಂದು ಸರಿ ಇದೆಯಾ ನೋಡ್ಬೇಕು."

ಅವನು ಕನ್ನಡಕ ಏರಿಸಿ, ಉತ್ಸಾಹದಿಂದ ಪೆನ್ನು ಹಿಡಿದ. ಗುಂಪು ಕಟ್ಟಿದ ವೃತ್ತ ಮೊದಲು. ನೆತ್ತಿಯ ಮೇಲೆ ಕೊಡೆ. ಅದೇ, ಗೆರೆಗೆ ಗೆರೆ ಅದೇ.

"ಈಗಲೂ ಯಾರಿಗಾದ್ರೂ ಹೀಗೆ ಕಲಿಸ್ತೀಯಾ?"

ಪೆನ್ನು ಒಂದು ಕ್ಷಣ ನಿಂತಿತು. "ನಮ್ಮ ಪಾಲಿಟೆಕ್ನಿಕ್ಕಲ್ಲಿ ಇದು ಸಿಲೆಬಸ್ಸಲ್ಲೇ ಇಲ್ವಲ್ಲ. ಯಾರಿಗೆ ಕಲಿಸ್ಲಿ, ಗೋಡೆಗಾ?" ಎಂದು ನಕ್ಕ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ನಗು ಅದು. ಅವಳು ಹಾಳೆ ಮಡಚಿಕೊಂಡಳು.

ಶನಿವಾರ ಬಂತು. ಶನಿವಾರ ಮಧ್ಯಾಹ್ನ ಅವನು ಚೆಸ್ ಕ್ಲಬ್ಬಿಗೆ ಹೋಗುವುದು ವಾಡಿಕೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಗಲಿಗೊಂದು ಚೀಲ ಹಾಕಿ ಹೊರಟ. ಚೆಸ್ ಆಡಲು ಚೀಲ ಯಾಕೆ ಎಂದು ಇಷ್ಟು ದಿನ ಅವಳಿಗೆ ಹೊಳೆದೇ ಇರಲಿಲ್ಲ.

ಅವನು ಹೋದ ಮೇಲೆ ಅತ್ತೆಯ ಮಾತ್ರೆ ತರಲು ಔಷಧಿ ಅಂಗಡಿಗೆ ಹೋದಳು. ಆ ಅಂಗಡಿಯವರೇ ಚೆಸ್ ಕ್ಲಬ್ಬಿನ ಕಾರ್ಯದರ್ಶಿ.

"ಇವತ್ತು ಆಟ ಇಲ್ವಾ?" ಎಂದು ಅವಳು ಸುಮ್ಮನೆ ಕೇಳಿದಂತೆ ಕೇಳಿದಳು.

"ಇದೆಯಮ್ಮ, ಅಂಗಡಿ ಮುಚ್ಚಿ ಹೋಗ್ಬೇಕು. ಯಜಮಾನ್ರಿಗೆ ಹೇಳಿ, ನಮ್ಮನ್ನ ಮರೆತೇಬಿಟ್ರು ಅಂತ. ಅವರ ಮುಖ ನೋಡಿ ಎಷ್ಟು ದಿನ ಆಯ್ತು! ಹೋದ ಟೂರ್ನಮೆಂಟಿಗೂ ಬರಲಿಲ್ಲ."

ಅವಳು ಮಾತ್ರೆಯ ಪೊಟ್ಟಣ ಹಿಡಿದು ಬಿಸಿಲಲ್ಲಿ ನಿಂತಳು. ಪ್ರಶ್ನೆಪತ್ರಿಕೆಯ ಭಯದ ಜೊತೆಗೆ ಇನ್ನೊಂದು ಭಯ ಕೈ ಹಿಡಿದು ಬಂತು. ಯಾರೋ ವಿದ್ಯಾರ್ಥಿನಿ. ಅವಳಿಗೂ ಕೊಡೆಯ ಮಾತು ಹೇಳಿರುತ್ತಾನೆ. ಅವಳೂ ನಕ್ಕಿರುತ್ತಾಳೆ.

ಮನೆಗೆ ಬಂದರೆ ಅತ್ತೆ ಕಿಟಕಿಯ ಪಕ್ಕ ಕೂತು ಸ್ವೆಟರ್ ಹೆಣೆಯುತ್ತಿದ್ದರು. ಅತ್ತೆಗೆ ಕಿವಿ ಮಂದ, ಅದೂ ಬೇಕಾದಾಗ ಮಾತ್ರ.

"ಯಾರಿಗತ್ತೆ ಇದು?"

"ಇನ್ಯಾರಿಗೆ, ನಿನ್ನ ಗಂಡನಿಗೆ."

"ಅವರಿಗೆ ಇದು ಚೀಲ ಆಗುತ್ತೆ."

"ಒಗೆದ್ರೆ ಕುಗ್ಗುತ್ತಮ್ಮ" ಎಂದ ಅತ್ತೆ ಕಣ್ಣೆತ್ತಿ ನೋಡಲಿಲ್ಲ.

ಇವರೂ ಒಳಗೊಳಗೇ ಸೇರಿದ್ದಾರೆ ಎಂದು ಅವಳಿಗೆ ಖಾತ್ರಿಯಾಯಿತು. ಯಾವುದರಲ್ಲಿ ಎಂಬುದು ಮಾತ್ರ ತಿಳಿಯಲಿಲ್ಲ.

ಸೋಮವಾರ ಕೇಂದ್ರಕ್ಕೆ ಹೋದವಳೇ ಟ್ರೇಯಿಂದ ಆ ಪತ್ರಿಕೆ ತೆಗೆದಳು. ಈ ಸಲ ಉತ್ತರವನ್ನಲ್ಲ, ಚಿತ್ರವನ್ನು ನೋಡಿದಳು. ವೃತ್ತಗಳು ಹಿಂಡಿದ ನಿಂಬೆಹಣ್ಣಿನಂತೆ ಸೊಟ್ಟ. ಬಾಣಗಳು ಕೈಯಿಂದಲೇ ಎಳೆದವು, ಒಂದೂ ನೆಟ್ಟಗಿಲ್ಲ. ಪತ್ರಿಕೆ ಪೂರ್ತಿ ಹಾಗೆಯೇ.

ಹಾದುಹೋಗುತ್ತಿದ್ದ ರಾಕೆಟ್ ಇಣುಕಿದ. "ಇನ್ನೂ ಅದೇನಾ ಮೇಡಂ? ಇದು ಜೈಲಿನ ಸೆಂಟರ್‌ದು ಇರ್ಬೇಕು."

"ಏನಂದ್ರಿ?"

"ಜೈಲಲ್ಲೂ ಪರೀಕ್ಷಾ ಕೇಂದ್ರ ಇದೆಯಲ್ಲ, ದೂರಶಿಕ್ಷಣದವರದು. ಹೋದ ವರ್ಷ ನನ್ನನ್ನ ಅಲ್ಲಿ ಕಾವಲಿಗೆ ಹಾಕಿದ್ರು. ಸ್ಕೇಲು, ಕಂಪಾಸು ಯಾವುದೂ ಒಳಗೆ ಬಿಡಲ್ಲ. ಅಲ್ಲಿಂದ ಬರೋ ಚಿತ್ರ ಎಲ್ಲ ಹೀಗೇ, ಭೂಕಂಪದಲ್ಲಿ ಬರೆದ ಹಾಗಿರುತ್ತೆ."

ಅವನು ಮುಂದೆ ಹೋದ. ಅವಳು ಕೂತಲ್ಲೇ ಕೂತಳು. ಸ್ವೆಟರ್ ಯಾರ ಅಳತೆಯದೆಂದು ಈಗ ತಿಳಿಯಿತು. ಆ ಮನೆಯಲ್ಲಿ ಅಷ್ಟು ಅಗಲ ಹೆಗಲಿನವನು ಒಬ್ಬನೇ ಇದ್ದದ್ದು. ಅವಳ ಮೈದುನ.

ಮೈದುನನ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಕೆಲವು ವರ್ಷಗಳ ಹಿಂದೆ ಮನೆಯಲ್ಲಿ ಒಂದು ಊಟವಿತ್ತು. ಊಟವಾದ ಮೇಲೆ ಅವಳ ಅಪ್ಪನನ್ನು ಕಾರಿನಲ್ಲಿ ಮನೆಗೆ ಬಿಟ್ಟುಬರುತ್ತೇನೆಂದು ಹೊರಟವನು ಅವನು. ಕುಡಿದಿದ್ದನೆಂದು ಯಾರಿಗೂ ಗೊತ್ತಾಗಲಿಲ್ಲ. ತಿರುವಿನಲ್ಲಿ ಕಾರು ಮರಕ್ಕೆ ಬಡಿಯಿತು. ಅವನಿಗೆ ಹಣೆಯಲ್ಲಿ ಗಾಯ ಮಾತ್ರ. ಅಪ್ಪ ಸೀಟಿನಲ್ಲಿ ಸಿಕ್ಕಿಕೊಂಡಿದ್ದರು, ಜೀವ ಇತ್ತು. ಅವನು ಬಾಗಿಲು ತೆರೆದು ಓಡಿಹೋದ. ಬೆಳಗಿನ ಹಾಲಿನ ವ್ಯಾನಿನವನು ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬೇಗ ಕರೆತಂದಿದ್ದರೆ ಉಳಿಸಬಹುದಿತ್ತು ಎಂದು ಡಾಕ್ಟರು ಹೇಳಿದರು. ಡಿಕ್ಕಿಯನ್ನಾದರೂ ಅವಳು ಕ್ಷಮಿಸುತ್ತಿದ್ದಳೇನೋ, ಓಡಿದ್ದನ್ನು ಕ್ಷಮಿಸಲಾಗಲಿಲ್ಲ. ಅವನಿಗೆ ಜೈಲೆಂದು ತೀರ್ಪು ಬಂದ ದಿನ ಗಂಡನಿಂದ ಮಾತು ತೆಗೆದುಕೊಂಡಿದ್ದಳು: "ಅವನ ಮುಖ ನೀನು ನೋಡಿದ್ರೆ, ನನ್ನ ಮುಖ ನೋಡ್ಬೇಡ." ಗಂಡ ತಲೆಯಾಡಿಸಿದ್ದ.

ಸಂಜೆ ಗಂಡ ಹಿತ್ತಲಲ್ಲಿ ಒಗೆದ ಬಟ್ಟೆ ಹರವುತ್ತಿದ್ದ. ಅವಳು ಚೀಲ ಕೂಡ ಇಳಿಸದೆ ಎದುರು ನಿಂತಳು.

"ನೀವು ಶನಿವಾರ ಎಲ್ಲಿಗೆ ಹೋಗ್ತೀರಿ?"

ಇಬ್ಬರೇ ಇದ್ದಾಗ ಅವರಿಬ್ಬರದು ಏಕವಚನ, ಬೆಂಚಿನ ಕಾಲದಿಂದ ಬಂದದ್ದು. ಅತ್ತೆಯ ಎದುರು ಬಹುವಚನ. ಯಾರೂ ಇಲ್ಲದಾಗಲೂ 'ನೀವು' ಬಂತೆಂದರೆ ಗ್ರಹಚಾರ ಕೆಟ್ಟಿದೆ ಎಂದು ಅವನಿಗೆ ಗೊತ್ತು. ಕೈಯಲ್ಲಿದ್ದ ಟವಲು ಬಕೆಟ್ಟಿಗೆ ಬಿತ್ತು.

"ಚೆಸ್..."

"ಔಷಧಿ ಅಂಗಡಿಯವರು ಸಿಕ್ಕಿದ್ರು."

ಅವನು ಬಗ್ಗಿ ಟವಲು ಎತ್ತಿಕೊಂಡ.

"ಜೈಲಿಗಾ?"

ಅವನು ಹೌದೆನ್ನುವ ಮೊದಲೇ ಒಳಗಿನಿಂದ ಅತ್ತೆಯ ದನಿ ಬಂತು, ಕಿವಿ ಮಂದವಾದವರದು: "ನಾನೇ ಕಳಿಸಿದ್ದು. ಬೈಯೋದಿದ್ರೆ ನನ್ನ ಬೈಯಮ್ಮ."

"ಅತ್ತೆ, ನೀವು ಸುಮ್ನಿರಿ. ನಾನು ಇವರನ್ನ ಕೇಳ್ತಿದೀನಿ."

ಗಂಡ ಬಕೆಟ್ಟಿನ ಕಡೆ ನೋಡುತ್ತ ಹೇಳಿದ: "ಡಿಗ್ರಿಗೆ ಕಟ್ಟಿದಾನೆ. ಆ ಒಂದು ವಿಷಯ ತಲೆಗೇ ಹತ್ತಲ್ಲ ಅಂದ. ಜಾಲರಿ ಆಚೆ ಅವನು, ಈಚೆ ನಾನು. ಹಾಳೆ ಎತ್ತಿ ಹಿಡಿದು ತೋರಿಸ್ತಿದ್ದೆ. ಅಲ್ಲಿ ಅವನಿಗೆ ಯಾರೂ ಇಲ್ಲ ಕಣೆ."

"ನಮ್ಮಪ್ಪನಿಗೂ ಆ ರಸ್ತೇಲಿ ಯಾರೂ ಇರಲಿಲ್ಲ."

ತಂತಿಯ ಮೇಲಿನ ಬಟ್ಟೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು.

"ನನ್ನ ಪ್ರಶ್ನೆಪತ್ರಿಕೆ ನೋಡಿದ್ರಾ?" ಎಂದು ಅವಳು ಕೊನೆಗೆ ಕೇಳಿದಳು.

ಅವನು ಬೆಚ್ಚಿ ತಲೆಯೆತ್ತಿದ. "ಏನು?"

"ಬೀರು ತೆಗೆದು ನೋಡಿದ್ರಾ? ಅವನಿಗೆ ಹೇಳಿದ್ರಾ? ಐದನೇ ಪ್ರಶ್ನೆಗೆ ಸರಿ ಉತ್ತರ ಬರೆದಿದಾನೆ. ನಿಮ್ಮ ಥರಾನೇ, ಕೊಡೆ ಸಮೇತ."

"ಸರಿ ಬರೆದಿದಾನಾ?" ಎಂದವನ ಮುಖ ಒಂದು ಗಳಿಗೆ ಅರಳಿ, ಅವಳನ್ನು ನೋಡಿ ಮುದುಡಿತು. "ಇಲ್ಲ. ಬೀರು ಮುಟ್ಟಿಲ್ಲ."

"ವರ್ಷಗಟ್ಟಲೆ ಚೆಸ್ ಆಡಿದವರನ್ನ ಹೇಗೆ ನಂಬೋದು?"

"ಗೊತ್ತಿಲ್ಲ" ಎಂದ ಅವನು. "ನಿನ್ನ ಜಾಗದಲ್ಲಿ ನಾನಿದ್ರೂ ನಂಬ್ತಿರಲಿಲ್ಲ."

ಮಾರನೆಯ ಬೆಳಿಗ್ಗೆ ಅವಳು ಎಲ್ಲರಿಗಿಂತ ಮೊದಲು ಹಾಲಿಗೆ ಬಂದು ಆ ಪತ್ರಿಕೆಯನ್ನು ಪೊಲೀಸರು ಮನೆ ಜಪ್ತಿ ಮಾಡುವಂತೆ ಪುಟಪುಟವೂ ಜಾಲಾಡಿದಳು. ರಾಕೆಟ್ ಕಣ್ಣಿಗೆ ಬೀಳದ ಒಂದು ಪುಟ ಅಲ್ಲಿತ್ತು, ಉದ್ದಕ್ಕೂ ಗೆರೆ ಎಳೆದು ಹೊಡೆದು ಹಾಕಿದ ಪುಟ. ಅದರಲ್ಲಿ ಮೈದುನ ಅದೇ ಪ್ರಶ್ನೆಯನ್ನು ಒಮ್ಮೆ ಪೂರ್ತಿ ಮಾಡಿ ತಪ್ಪಿದ್ದ. ಆ ಗುಂಪುಗಾರ ವೃತ್ತಕ್ಕೆ ತನ್ನಿಂದ ಹೊರಟು ತನಗೇ ಬಂದು ಸೇರುವ ಬಾಣವೊಂದಿತ್ತು. ಬದಲಿ ದಾರಿ ಹಾಕುವಾಗ ಆ ಸುತ್ತನ್ನೇ ಮರೆತಿದ್ದ. ಕೊನೆಯಲ್ಲಿ ಒಂದು ಅಕ್ಷರ ಸಾಲು ಬರೆದು ಪರೀಕ್ಷಿಸಿದ್ದ: ಯಂತ್ರ ಒಪ್ಪುತ್ತದೆ, ಸೂತ್ರ ಒಪ್ಪುವುದಿಲ್ಲ. ಪಕ್ಕದಲ್ಲಿ 'ಅಯ್ಯೋ, ಸುತ್ತು!' ಎಂದು ಗೀಚಿ, ಮೊದಲಿನಿಂದ ಶುರುಮಾಡಿದ್ದ. ಇದರಲ್ಲಿ ಹೊತ್ತೆಲ್ಲ ಹೋಗಿ, ಕೊನೆಯ ಪ್ರಶ್ನೆಯನ್ನು ಮುಟ್ಟಿರಲೇ ಇಲ್ಲ.

ಪ್ರಶ್ನೆ ಮೊದಲೇ ಗೊತ್ತಿದ್ದವನು ಹೀಗೆ ಎಡವುವುದಿಲ್ಲ. ಕೊನೆಯ ಪ್ರಶ್ನೆಯನ್ನು ಖಾಲಿ ಬಿಡುವುದೂ ಇಲ್ಲ. ಕಲಿತವನು ಮಾತ್ರ ಹೀಗೆ ತಪ್ಪಿ ಹೀಗೆ ತಿದ್ದಿಕೊಳ್ಳುತ್ತಾನೆ.

ಗಂಡ ಸುಳ್ಳ, ಆದರೆ ಕಳ್ಳನಲ್ಲ. ಹಗುರವಾಗಬೇಕಿದ್ದ ಎದೆ ಹಗುರವಾಗಲಿಲ್ಲ. ನಿಜ ಹೇಳಬೇಕೆಂದರೆ, ಕದ್ದಿದ್ದರೆ ಚೆನ್ನಾಗಿತ್ತು ಎಂದು ಅವಳ ಮನಸ್ಸಿನ ಒಂದು ಮೂಲೆ ಹಲುಬಿತು. ಆಗ ಆ ಸೊನ್ನೆಯನ್ನು ನಿಶ್ಚಿಂತೆಯಿಂದ ಬಿಡಬಹುದಿತ್ತು.

ಈಗಲೂ ಬಿಡಬಹುದು. ಸೊನ್ನೆ ಹಾಕಿದವಳು ಅವಳಲ್ಲ. ಪತ್ರಿಕೆಯನ್ನು ಕಟ್ಟಿಗೆ ಸೇರಿಸಿ ದಾರ ಬಿಗಿದರೆ ಮುಗಿಯಿತು. ಆ ಅಂಕವಿಲ್ಲದೆ ಅವನು ಪಾಸಾಗುವುದಿಲ್ಲ ಎಂಬುದು ಕಣ್ಣಳತೆಗೇ ಕಾಣುತ್ತಿತ್ತು. ಅವಳು ಪತ್ರಿಕೆಯನ್ನು ಕಟ್ಟಿಗೆ ಸೇರಿಸಿದಳು. ದಾರ ಬಿಗಿದಳು. ಹೊರಗೆ ಹೋಗಿ ಚಹಾ ತೆಗೆದುಕೊಂಡಳು. ಚಹಾ ಆರಿತು, ಕೆನೆ ಕಟ್ಟಿತು, ಕುಡಿಯಲಾಗಲಿಲ್ಲ. ಲೋಟವನ್ನು ಹಾಗೆಯೇ ಕಟ್ಟೆಯ ಮೇಲಿಟ್ಟು ಒಳಗೆ ಬಂದು, ಗಂಟು ಬಿಚ್ಚಿ, ಪತ್ರಿಕೆ ಹಿಡಿದುಕೊಂಡು ಕೇಂದ್ರದ ಮುಖ್ಯಸ್ಥರ ಕೋಣೆಗೆ ಹೋದಳು.

ಮುಖ್ಯಸ್ಥರು ನಿವೃತ್ತಿಯ ಅಂಚಿನಲ್ಲಿದ್ದ ಮನುಷ್ಯ. ಯಾವ ಕಾಗದಕ್ಕೂ ಮುಟ್ಟಿದರೆ ಕಚ್ಚುತ್ತದೆ ಎಂಬಂತೆ ತುದಿ ಹಿಡಿಯುತ್ತಿದ್ದರು. ಅವಳು ಇದ್ದದ್ದು ಇದ್ದಹಾಗೆ ಹೇಳಿದಳು: ಉತ್ತರ ಸರಿ ಇದೆ, ಸೊನ್ನೆ ಬಿದ್ದಿದೆ, ಬರೆದವನು ತನ್ನ ಮೈದುನ ಎಂದು ಗುಮಾನಿ, ಆದ್ದರಿಂದ ತಾನು ಅಂಕ ಹಾಕುವಂತಿಲ್ಲ, ಬೇರೆಯವರಿಂದ ನೋಡಿಸಬೇಕು.

ಅವರು ಕನ್ನಡಕದ ಮೇಲಿನಿಂದ ಅವಳನ್ನು ಅಳೆದರು.

"ಅಂದ್ರೆ ಮೈದುನನಿಗೆ ಅಂಕ ಕೊಡಿಸೋಕೆ ಬಂದಿದೀರಿ."

ಈ ಮಾತು ಬರುತ್ತದೆಂದು ಅವಳು ನೆನೆಸಿಯೇ ಇರಲಿಲ್ಲ. ಆ ಮನುಷ್ಯನನ್ನು ಕಂಡರೆ ಉರಿದು ಬೀಳುವ ತಾನು ಅವನಿಗೆ ಶಿಫಾರಸು ತಂದವಳಾದೆನೆ!

"ಸರ್, ಅವನು ನನ್ನ ತಂದೇನ..." ಎಂದು ಶುರುಮಾಡಿ ನಿಲ್ಲಿಸಿದಳು. "ಸರ್, ಉತ್ತರ ಸರಿ ಇದೆ. ಅಷ್ಟೇ ನಾನು ಹೇಳೋದು."

"ಪ್ರಶ್ನೆ ನಿಮ್ಮದು. ಮೈದುನ ನಿಮ್ಮವನು. ಉತ್ತರ ಸರಿ ಅನ್ನೋರೂ ನೀವೇ. ಕೇಳಿದೋರು ಏನಂತಾರೆ?"

"ಅನ್ನೋದನ್ನೇ ಅಂತಾರೆ. ಅದಕ್ಕೇ ಬೇರೆಯವರಿಂದ ನೋಡ್ಸಿ ಅಂತ ಕೇಳ್ತಿರೋದು."

ಅಂದಿನಿಂದ ಅವಳನ್ನು ಹಾಲಿನಿಂದ ಹೊರಗಿಟ್ಟರು. ವಿಚಾರಣೆ ಮುಗಿಯುವವರೆಗೆ ಬರಬೇಡಿ ಎಂದರು. ಬೆಳಗಾದರೆ 'ಮೇಡಂ, ಮೇಡಂ' ಎನ್ನುತ್ತಿದ್ದವರು ಗೇಟಿನ ಬಳಿ ಕಂಡರೆ ಫೋನು ಕಿವಿಗಿಟ್ಟುಕೊಳ್ಳತೊಡಗಿದರು. ಬೇರೆಯವರ ಕಣ್ಣಿನಲ್ಲಿ ತನ್ನ ಮೇಲಿನ ಸಂಶಯ ನೋಡುವುದು ಹೇಗಿರುತ್ತದೆಂದು ಅವಳಿಗೆ ಆಗ ಗೊತ್ತಾಯಿತು. ಮನೆಯಲ್ಲಿ ಗಂಡನೊಂದಿಗೆ ಬೇಕಾದಷ್ಟೇ ಮಾತು. ಅತ್ತೆ ಸ್ವೆಟರನ್ನು ಈಗ ಬಹಿರಂಗವಾಗಿಯೇ ಹೆಣೆಯುತ್ತಿದ್ದರು.

ಪತ್ರಿಕೆಯನ್ನು ಬೇರೆ ಊರಿನ ಹಿರಿಯ ಪ್ರಾಧ್ಯಾಪಕರೊಬ್ಬರಿಗೆ ಕಳಿಸಿದ್ದರು. ಅವರ ಅಭಿಪ್ರಾಯ ಬಂದಾಗ ಮೊದಲು ಫೋನು ಮಾಡಿದವನು ರಾಕೆಟ್.

"ಮೇಡಂ, ರೈಲು ಸರಿ ಇದೆಯಂತೆ! ಪೂರ್ತಿ ಅಂಕ. ಹೊಡೆದು ಹಾಕಿದ ಪುಟ ನೋಡಿದ್ರೆ ಇದು ಬಾಯಿಪಾಠದ ಉತ್ತರ ಅಲ್ಲ ಅಂತಾನೂ ಬರೆದಿದಾರೆ. ಆದ್ರೆ ಮೇಡಂ..."

"ಏನು ಹೇಳಿ."

"ಐದನೇ ಪ್ರಶ್ನೆಗೆ ಸೊನ್ನೆ ಬಿದ್ದಿರೋದನ್ನೆಲ್ಲ ಮತ್ತೆ ನೋಡಿ ಅಂದಿದಾರೆ. ನಾನು ಇವತ್ತು ಬೆಳಿಗ್ಗೆಯಿಂದ ಹಿಂದೆ ಮುಂದೆ ಯಂತ್ರ ಕಟ್ಟೋದೇ ಆಯ್ತು. ನನ್ನ ಕಟ್ಟುಗಳಲ್ಲೇ ಇನ್ನೂ ಎಷ್ಟೋ ಸರಿ ಉತ್ತರ ಸಿಕ್ತು ಮೇಡಂ." ಅವನ ದನಿಯಲ್ಲಿ ಎಂದಿನ ವೇಗವಿರಲಿಲ್ಲ. "ಒಬ್ಬಳು ಹುಡುಗಿ ಅದೊಂದರಿಂದ ಫೇಲಾಗಿಬಿಡ್ತಿದ್ಲು."

ಅವಳ ಮೇಲಿನ ವಿಚಾರಣೆ ಅಷ್ಟು ಸುಲಭಕ್ಕೆ ಮುಗಿಯಲಿಲ್ಲ. ಪ್ರಶ್ನೆಪತ್ರಿಕೆಯನ್ನು ಮನೆಯಲ್ಲಿ ತಯಾರಿಸಿದ್ದು ತಪ್ಪು ಎಂದಾಯಿತು. ಮುಂದೆ ಅವಳಿಗೆ ಆ ಕೆಲಸ ಕೊಡಬಾರದೆಂದಾಯಿತು. ಅವಳು ಎದುರಾಡಲಿಲ್ಲ. ಬೀಗದ ಕೈ ಮೊಳೆಗೆ ನೇತುಹಾಕಿದ್ದವಳು ತಾನೇ.

ಅದಾದ ಒಂದು ಶನಿವಾರ ಗಂಡ ಚೀಲ ಹಾಕಿಕೊಂಡು ಹೊರಟಾಗ ಅವಳೂ ಚಪ್ಪಲಿ ಮೆಟ್ಟಿದಳು. ಅವನು ಯಾಕೆಂದು ಕೇಳಲಿಲ್ಲ. ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತು, ಬೇರೆ ಬೇರೆ ಕಿಟಕಿ ನೋಡಿದರು.

ಭೇಟಿಯ ಕೋಣೆಯಲ್ಲಿ ಉದ್ದಕ್ಕೆ ಜಾಲರಿ, ಈಚೆ ಬೆಂಚು, ಆಚೆ ಬೆಂಚು. ಎಲ್ಲರೂ ಒಟ್ಟಿಗೇ ಕೂಗಿ ಮಾತಾಡುತ್ತಿದ್ದರು. ಮೈದುನ ಬಂದು, ಅಣ್ಣನ ಪಕ್ಕ ನಿಂತವಳನ್ನು ನೋಡಿ, ಬಂದ ಹೆಜ್ಜೆಯನ್ನೇ ಹಿಂದಿಟ್ಟ. ಅಗಲವಾಗಿದ್ದ ಹೆಗಲು ಈಗ ಅಂಗಿ ನೇತುಹಾಕುವ ಹ್ಯಾಂಗರಿನಂತೆ ಉಳಿದಿತ್ತು.

"ಅತ್ತಿಗೆ..." ಎಂದ.

"ಯಾಕೆ ಓಡಿಹೋದೆ?" ಎಂದು ಅವಳು ಕೇಳಿದಳು. ಅದೊಂದನ್ನೇ ಕೇಳಲು ಬಂದಿದ್ದಳು. ಕೋರ್ಟಿನಲ್ಲಿ ಆ ಪ್ರಶ್ನೆಗೆ ಅವನ ವಕೀಲರು ಉತ್ತರ ಕೊಟ್ಟಿದ್ದರು, ಅವನು ಕೊಟ್ಟಿರಲಿಲ್ಲ.

ಅವನು ಜಾಲರಿಯ ತಂತಿ ಹಿಡಿದು ನಿಂತ. "ನೀರು ಅಂದ್ರು ಅತ್ತಿಗೆ. ನೀರು ಹುಡುಕೋಕೆ ಅಂತಾನೇ ಇಳಿದೆ. ಇಳಿದ ಮೇಲೆ ಭಯ ಆಯ್ತು. ಕಾಲು ನಿಲ್ಲಲೇ ಇಲ್ಲ."

ಅಪ್ಪ ಮಾತಾಡಿದ್ದರೆಂದು ಅವಳಿಗೆ ಇಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ನಿಜವೇ? ಇಷ್ಟು ದಿನ ಒಳಗೆ ಕೂತು, ಓಡಿದ್ದಕ್ಕೊಂದು ಕಾರಣ ಹೊಂದಿಸಿಕೊಂಡನೆ? ಅವಳು ಅವನ ಮುಖವನ್ನು ದಿಟ್ಟಿಸಿದಳು. ಅವನು ಕಣ್ಣು ತಗ್ಗಿಸಲಿಲ್ಲ. ಅದೂ ಅಭ್ಯಾಸ ಮಾಡಿಕೊಂಡದ್ದಿರಬಹುದು. ಯಾವುದನ್ನು ಯಾವುದಕ್ಕೆ ಹೋಲಿಸಿ ನೋಡುವುದು? ಆ ರಸ್ತೆಯಲ್ಲಿ ಆ ಹೊತ್ತಿಗೆ ಇದ್ದವರು ಇಬ್ಬರೇ.

"ಪಾಸಾದೆ ಅತ್ತಿಗೆ" ಎಂದ ಅವನು, ಹೇಳಬಾರದ್ದನ್ನು ಹೇಳಿದವನಂತೆ.

"ಗೊತ್ತು" ಎಂದಳು. ಆ ಅಂಕದ ಹಿಂದೆ ಏನೇನು ನಡೆಯಿತೆಂದು ಅವಳು ಹೇಳಲಿಲ್ಲ. ಗಂಡನೂ ಹೇಳಿರಲಿಲ್ಲ. ಗಂಟೆ ಬಾರಿಸಿದರು. ಅವನನ್ನು ಒಳಗೆ ಕರೆದರು.

ಬಸ್ಸಿಗೆ ಕಾಯುತ್ತ ಗಂಡ ಕೇಳಿದ: "ಮತ್ತೆ ಬರ್ತೀಯಾ?"

"ಗೊತ್ತಿಲ್ಲ. ನೀವು ಹೋಗೋದಾದ್ರೆ ಹೋಗಿ. ನನಗೆ ಹೇಳಿ ಹೋಗಿ."

ಮನೆಯಲ್ಲಿ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. ಮಗನನ್ನು ಬಿಟ್ಟು ಸೊಸೆಯ ಮುಖವನ್ನೇ ನೋಡಿದರು. "ಹೇಗಿದಾನಮ್ಮ?"

ತೆಳ್ಳಗಾಗಿದಾನೆ ಎಂದು ಹೇಳಬೇಕೆಂದುಕೊಂಡು ಅವಳು ಬಾಯಿ ತೆರೆದಳು. ಬಂದ ಮಾತೇ ಬೇರೆ. "ಅಪ್ಪ ನೀರು ಕೇಳಿದ್ರಂತೆ ಅತ್ತೆ" ಎಂದಳು. ಅಪ್ಪನನ್ನು ಮಣ್ಣು ಮಾಡಿದ ದಿನವೂ ನಾಲ್ಕು ಜನರ ಎದುರು ಅಳದವಳು, ಹೊಸ್ತಿಲ ಪಕ್ಕದ ಗೋಡೆಗೆ ಒರಗಿ ಕುಸಿದು ಕೂತು ಅತ್ತಳು. ಅತ್ತೆ ಮಂಡಿ ಹಿಡಿದುಕೊಂಡು ಕಷ್ಟಪಟ್ಟು ಅವಳ ಪಕ್ಕ ನೆಲದ ಮೇಲೆ ಕೂತರು. ಗಂಡ ಚೀಲವನ್ನು ಬಗಲಿನಿಂದ ಇಳಿಸದೆ ಅಂಗಳದಲ್ಲೇ ನಿಂತಿದ್ದ.